ಒಂಬತ್ತು ಮಂಗಳವಾರ

ಸಪ್ಪಲಮ್ಮ ತಾಯಿ ಕಾಪಾಡಲಿ
ನಲ್ಲೂರು
12-9-2024, ಗುರುವಾರ

ಪ್ರಮೋದಾ,

ಪತ್ರವನ್ನು ಕ್ಷೇಮ ಸಮಾಚಾರದಿಂದ ಶುರು ಮಾಡಬೇಕು ಎಂದು ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ನನ್ನ ಓದು ಅಲ್ಲಿಗೇ ನಿಂತಿತು, ಹಾಗಾಗಿ ಅದೊಂದು ಮರೆತಿಲ್ಲ. ಆದರೆ ಈ ಸಲ ಆ ಸಾಲು ಬರೆಯಲು ಕೈ ಬರುತ್ತಿಲ್ಲ. ನಾನಿಲ್ಲಿ ಕ್ಷೇಮವಾಗಿಲ್ಲ. ನೀನಲ್ಲಿ ಹೇಗಿದ್ದೀಯೋ ಗೊತ್ತಿಲ್ಲ.

ನಿಮ್ಮಪ್ಪನಿಗೆ ಗೋಡೌನಿನಲ್ಲಿ ರಜೆ ಸಿಗಲಿಲ್ಲವೆಂದು ಅವನ ಬದಲು ಗೌರಿ ಹಬ್ಬಕ್ಕೆ ತವರಿನ ಬಾಗಿನ ಹಿಡಿದು ನೀನು ಬಂದೆ. ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತಾ. ಬಳೆ ಬೈರಮ್ಮನನ್ನು ನಾನೇ ಕರೆಸಿದ್ದೆ. ಜಗುಲಿಯ ಮೇಲೆ ಕೂತು ಅವಳು ನಿನ್ನ ಎಡಗೈ ಹಿಡಿದಳು, ನೀನು ಕೆಂಡ ಮುಟ್ಟಿದವಳ ಹಾಗೆ ಎಳೆದುಕೊಂಡೆ. ಆ ಎಳೆತಕ್ಕೇ ಚೂಡಿದಾರದ ತೋಳು ಮೇಲೆ ಸರಿಯಿತು. ನಾನು ನೋಡಿದೆ. ಬಿದ್ದು ಆದ ಗಾಯವಲ್ಲ, ಮುಳ್ಳು ತರಚಿದ್ದೂ ಅಲ್ಲ. ಕೈಯಾರೆ ಮಾಡಿಕೊಂಡದ್ದು ಎಂದು ನೋಡಿದ ಕೂಡಲೇ ತಿಳಿಯಿತು.

ಬೈರಮ್ಮ ಮೂವತ್ತು ವರ್ಷದಿಂದ ಹೆಂಗಸರ ಕೈ ಹಿಡಿದವಳು. ಅವಳು ಏನೂ ಕಾಣದವಳ ಹಾಗೆ, "ಈ ಅಳ್ತೆ ಮೇಲ್ಗಡೆ ಇಲ್ಲ ಕಣವ್ವಾ, ಕೆಳಗಿನ ಗಂಟು ಬಿಚ್ಬೇಕು" ಎಂದು ತನ್ನ ಬಳೆಯ ಮಲಾರದ ಕಡೆಗೆ ತಿರುಗಿಕೊಂಡಳು. ನನಗೆ ಅಷ್ಟು ಬುದ್ಧಿ ಬರಲಿಲ್ಲ. ಬಾಗಿನದ ಮೊರ ಕೈಯಲ್ಲಿ ಹಿಡಿದುಕೊಂಡೇ, ಪಕ್ಕದ ಮನೆಯವರಿಗೂ ಕೇಳುವ ಹಾಗೆ, "ಹಬ್ಬದ ದಿನ ಇದೇನೇ ದರಿದ್ರ ಮಾಡ್ಕೊಂಡಿದ್ದೀಯ" ಎಂದೆ.

ನೀನು ಊಟಕ್ಕೂ ನಿಲ್ಲದೆ ಬಸ್ಸಿಗೆ ಹೊರಟೆ. ನಿನ್ನ ಆರು ಹಸಿರು ಬಳೆ ದೇವರ ಗೂಡಿನಲ್ಲಿ ಹಾಗೇ ಇವೆ.

ಭಾನುವಾರ ಹಾಸ್ಟೆಲಿನ ಫೋನಿನಲ್ಲಿ ಇದನ್ನು ಮಾತಾಡುವ ಹಾಗಿಲ್ಲ. ನಿನ್ನ ಹಿಂದೆ ಇಪ್ಪತ್ತು ಹುಡುಗಿಯರು ಸಾಲಾಗಿ ನಿಂತಿರುತ್ತಾರೆ. ವಾರ್ಡನ್ ಪತ್ರ ಒಡೆಯುವುದಿಲ್ಲ ಎಂದು ನೀನೇ ಹೇಳಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಯಾರಾದರೂ ಏನಾದರೂ ಅಂದರಾ? ಮಾರ್ಕ್ಸ್ ಕಡಿಮೆ ಬಂತಾ? ಯಾವನಾದರೂ ಹುಡುಗನ ವಿಷಯವಾ? ಯಾವುದೇ ಆದರೂ ಬರೆ. ನಿಮ್ಮಪ್ಪನಿಗೆ ನಾನು ಏನೂ ಹೇಳಿಲ್ಲ. ಎರಡು ವರ್ಷದಿಂದ ಅವನೇ ಒಂದು ಥರ ಆಗಿದ್ದಾನೆ.

ನಿನ್ನ ಸೋದರತ್ತೆ
ಸೊಣ್ಣಮ್ಮ


ಹಾಸ್ಟೆಲ್, ಹೊಸಕೋಟೆ
25-9-2024

ಅತ್ತೆಗೆ,

ಬೆಕ್ಕು ಪರಚಿತು ಅಂತ ಬರೆದು ಆ ಹಾಳೆ ಹರಿದು ಹಾಕಿದೆ. ಈ ಹಾಸ್ಟೆಲಿನಲ್ಲಿ ಬೆಕ್ಕಿಲ್ಲ.

ಯಾರೂ ಏನೂ ಅಂದಿಲ್ಲ. ಹುಡುಗನೂ ಇಲ್ಲ. ಮಾರ್ಕ್ಸ್ ಪ್ರತಿ ಸೋಮವಾರ ಗೋಡೆಗೆ ಅಂಟಿಸುತ್ತಾರೆ, ಅದು ಎಲ್ಲರಿಗೂ ಇರುವುದೇ. ಯಾಕೆ ಅಂತ ನನಗೇ ಹೇಳಲು ಬರುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಫೋನಿನಲ್ಲಿ ಮೂರೇ ಮಾತು ಕೇಳುತ್ತಾರೆ. ಊಟ ಆಯ್ತಾ, ಓದ್ತಿದ್ದೀಯಾ, ಇನ್ನೇನು. ನಾನು ಹೂಂ ಅನ್ನುತ್ತೇನೆ. ಇಟ್ಟ ಮೇಲೆ ತುಂಬಾ ಹೊತ್ತು ಏನೂ ಅನ್ನಿಸುವುದಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಅನ್ನಿಸುತ್ತದೆ. ಆಗ ಹಾಗೆ ಮಾಡಿಕೊಳ್ಳುತ್ತೇನೆ.

ದಯವಿಟ್ಟು ಅಪ್ಪನಿಗೆ ಹೇಳಬೇಡ. ಹಬ್ಬ ಕೆಡಿಸಿದ್ದಕ್ಕೆ ಬೈಯಬೇಡ.

ಪ್ರಮೋದಾ


ಸಪ್ಪಲಮ್ಮ ತಾಯಿ ಕಾಪಾಡಲಿ
ನಲ್ಲೂರು
8-10-2024, ಮಂಗಳವಾರ

ಪ್ರಮೋದಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಅರ್ಥವಾದದ್ದು ಸ್ವಲ್ಪ. ಯಾರಿಗೂ ಹೇಳಿಲ್ಲ. ಹೇಳಿಕೊಳ್ಳಲು ನನಗಿರುವವಳಾದರೂ ಯಾರು, ಸಪ್ಪಲಮ್ಮ ಒಬ್ಬಳೇ. ಅವಳ ಮುಂದೆ ಹೋಗಿ ಕೂತೆ.

ಹರಕೆ ಹೊತ್ತಿದ್ದೇನೆ. ಒಂಬತ್ತು ಮಂಗಳವಾರ, ಎಡೆಬಿಡದೆ, ಒದ್ದೆ ಸೀರೆಯಲ್ಲಿ ಗುಡಿಯ ಸುತ್ತ ಒಂಬತ್ತು ಉರುಳು ಸೇವೆ. ನಡುವೆ ಒಂದು ವಾರ ತಪ್ಪಬಾರದು. ತಪ್ಪಿದರೆ ಯಾರ ಹೆಸರಿನಲ್ಲಿ ಹೊತ್ತೆವೋ ಅವರ ಮೇಲೆ ಬೀಳುತ್ತದೆ. ನಿನ್ನ ಹೆಸರು, ನಿನ್ನ ನಕ್ಷತ್ರ ಹೇಳಿ ಹೊತ್ತಿದ್ದೇನೆ. ಪೂಜಾರಿ ನರಸಿಂಹಯ್ಯ ಬೇಡವೆಂದ. "ಐವತ್ತು ವರ್ಸದ ಮೈಯಿ, ಹೂವಿನ ಸೇವೆ ಮಾಡಮ್ಮ, ತಾಯಿ ಒಪ್ಕೊತಾಳೆ" ಎಂದ. ನಾನು ಕೇಳಲಿಲ್ಲ. ಮಗು ಅಲ್ಲಿ ನೋಯುತ್ತಿರುವಾಗ ಇಲ್ಲಿ ಹೂವು ಕೊಟ್ಟು ಕೈ ತೊಳೆದುಕೊಳ್ಳಲೇ?

ಇವತ್ತು ಮೊದಲನೆಯದು ಆಯಿತು. ಗುಡಿಯ ಅಂಗಳಕ್ಕೆ ಚಪ್ಪಡಿ ಕಲ್ಲು ಹಾಕಿಸಿ ಬಹಳ ವರ್ಷವಾಗಿದೆ, ಸಂದು ಸಂದಿಗೆ ಅಂಚು ಎದ್ದಿವೆ. ನಾಲ್ಕನೇ ಸುತ್ತಿಗೆ ಭುಜ ತರಚಿತು. ನಿಜ ಹೇಳುತ್ತೇನೆ ಪ್ರಮೋದಾ, ಆಗ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಮೈ ನೋಯುವಾಗ ಮನಸ್ಸು ಸುಮ್ಮನಾಗುತ್ತದೆ. ಬೇರೇನೂ ನೆನಪಾಗುವುದಿಲ್ಲ. ಅದು ಅವಳ ಮಹಿಮೆಯೇ ಸರಿ.

ಕುಂಕುಮದ ಪೊಟ್ಟಣ ಪತ್ರದ ಜೊತೆ ಇಟ್ಟಿದ್ದೇನೆ. ದಿಂಬಿನ ಕೆಳಗಿಟ್ಟುಕೋ. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು. ಈ ಸಲ ರೇಷ್ಮೆ ಬೆಳೆ ಚೆನ್ನಾಗಿದೆ.

ನಿನ್ನ ಅತ್ತೆ
ಸೊಣ್ಣಮ್ಮ


ಹೊಸಕೋಟೆ
20-10-2024, ಭಾನುವಾರ

ಅತ್ತೆಗೆ,

ಒಂದು ವಿಷಯ. ಕನ್ನಡ ಮೇಡಂ ನನ್ನ ಕೈ ನೋಡಿದರು. ಲ್ಯಾಬಿನ ಹೊರಗೆ ಕೈ ತೊಳೆಯುತ್ತಿದ್ದೆ, ಪಕ್ಕದ ನಲ್ಲಿಯಲ್ಲಿ ಅವರೂ ಇದ್ದರು. ಕೂಗಾಡಲಿಲ್ಲ. ಸ್ಟಾಫ್ ರೂಮಿಗೂ ಕರೆಯಲಿಲ್ಲ. ಬೇವಿನ ಮರದ ಕೆಳಗೆ ಕೂರಿಸಿ, ಗಾಯ ಸ್ವಚ್ಛವಾಗಿದೆಯಾ ಅಂತ ಮೊದಲು ಕೇಳಿದರು. ಆಮೇಲೆ, "ಇದನ್ನ ಮಾಡ್ಕೊಂಡಾಗ ನಿಂಗೆ ಏನು ಕಮ್ಮಿ ಆಗುತ್ತೆ?" ಅಂತ ಕೇಳಿದರು. ಯಾಕೆ ಮಾಡಿಕೊಂಡೆ ಅಂತ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಏನು ಕಮ್ಮಿ ಆಗುತ್ತದೆ ಅಂದದ್ದಕ್ಕೆ ಬಂತು.

ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರ್ ಮಂಗಳವಾರ ಮಾತ್ರ ಬರುತ್ತಾರಂತೆ. ನನಗಿನ್ನೂ ಹದಿನೆಂಟು ತುಂಬಿಲ್ಲ, ಮನೆಯ ದೊಡ್ಡವರು ಒಬ್ಬರು ಜೊತೆಗಿರಬೇಕಂತೆ. ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. ನವೆಂಬರ್ ಐದನೇ ತಾರೀಖು ಮಂಗಳವಾರ ನೀನು ಬರುತ್ತೀಯಾ? ಮೇಡಂ ರಜೆ ಕೊಡಿಸುತ್ತಾರೆ. ಒಂಬತ್ತು ಗಂಟೆಗೆ ಆಸ್ಪತ್ರೆ ಹತ್ತಿರ ಇದ್ದರೆ ಸಾಕು.

ನಾನು ಯಾರನ್ನೂ ಏನೂ ಕೇಳುವವಳಲ್ಲ ಅಂತ ನಿನಗೆ ಗೊತ್ತು.

ಪ್ರಮೋದಾ


ಸಪ್ಪಲಮ್ಮ ತಾಯಿ ಕಾಪಾಡಲಿ
ನಲ್ಲೂರು
24-10-2024

ಪ್ರಮೋದಾ,

ಆ ಮೇಡಂ ಪುಣ್ಯಾತ್ಗಿತ್ತಿ, ಅವರಿಗೆ ನನ್ನ ನಮಸ್ಕಾರ ಹೇಳು. ಆದರೆ ಮಂಗಳವಾರ ನಾನು ಹೇಗೆ ಬರಲಿ? ಮೂರು ವಾರ ಆಗಿದೆ, ಇನ್ನು ಆರಿವೆ. ಸೇವೆ ಶುರುವಾಗುವುದೇ ಪೂಜೆ ಮುಗಿದು ಒಂಬತ್ತಕ್ಕೆ. ಬೇರೆ ಯಾವ ವಾರ ಹೇಳಿದರೂ ಬರುತ್ತೇನೆ, ಬುಧವಾರ ಬೇಕಾದರೆ ಹಿಂದಿನ ದಿನ ಸಂಜೆಯೇ ಬಂದು ಕೂರುತ್ತೇನೆ. ಡಾಕ್ಟರನ್ನು ಒಂದು ಮಾತು ಕೇಳಿ ನೋಡಲು ಮೇಡಂಗೆ ಹೇಳು. ಇಲ್ಲದಿದ್ದರೆ ಡಿಸೆಂಬರ್ ಮೂರಕ್ಕೆ ನನ್ನ ಹರಕೆ ಮುಗಿಯುತ್ತದೆ, ಹತ್ತಕ್ಕೆ ಹೋಗೋಣ. ಅಲ್ಲಿಯತನಕ ತಾಯಿ ನೋಡಿಕೊಳ್ಳುತ್ತಾಳೆ.

ತಪ್ಪು ತಿಳಿಯಬೇಡ. ನಿನಗಾಗಿಯೇ ಮಾಡುತ್ತಿರುವುದನ್ನು ನಿನಗಾಗಿ ಹೇಗೆ ಬಿಡಲಿ, ಏನಾದರೂ ಆದರೆ ಯಾರು ಹೊಣೆ?

ಭುಜದ ಗಾಯ ಮಾಗುವುದರೊಳಗೆ ಮುಂದಿನ ವಾರ ಬಂದುಬಿಡುತ್ತದೆ. ಅರಿಶಿನ ಎಣ್ಣೆ ಹಚ್ಚಿದ್ದೇನೆ. ನೀನು ಚಿಂತೆ ಮಾಡಬೇಡ, ಓದಿಕೋ.

ನಿನ್ನ ಅತ್ತೆ
ಸೊಣ್ಣಮ್ಮ


ನಲ್ಲೂರು
10-11-2024

ಪ್ರಮೋದಾ,

ಹದಿನೈದು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಹೋದ ಭಾನುವಾರ ಫೋನ್ ಮಾಡಿದರೆ ಸ್ನಾನಕ್ಕೆ ಹೋಗಿದ್ದಾಳೆ ಎಂದರು. ಇವತ್ತು ಮಾಡಿದರೆ ಮಲಗಿದ್ದಾಳೆ ಎಂದರು. ಮಧ್ಯಾಹ್ನ ಮಲಗುವ ಅಭ್ಯಾಸ ನಿನಗೆ ಯಾವಾಗಿನಿಂದ? ಐದನೇ ತಾರೀಖು ಮೇಡಂ ಜೊತೆ ಹೋಗಿದ್ದೆಯಾ?

ಕೈ ಹೇಗಿದೆ ಎಂದು ಬರೆ. ಬರೆಯಲು ಇಷ್ಟವಿಲ್ಲದಿದ್ದರೆ ಖಾಲಿ ಹಾಳೆಯನ್ನಾದರೂ ಕವರಿಗೆ ಹಾಕಿ ಕಳಿಸು. ಕವರಿನ ಮೇಲೆ ನಿನ್ನ ಅಕ್ಷರ ಇರುತ್ತದಲ್ಲ, ಅಷ್ಟು ಸಾಕು.

ಅತ್ತೆ


ಹೊಸಕೋಟೆ
16-11-2024

ಅತ್ತೆಗೆ,

ಖಾಲಿ ಹಾಳೆ ಕಳಿಸೋಣ ಅಂತಲೇ ಇದ್ದೆ.

ಹೋಗಲಿಲ್ಲ. ಅತ್ತೆಗೆ ಬರಲು ಆಗುವುದಿಲ್ಲವಂತೆ ಅಂದೆ. ಯಾಕೆ ಅಂತ ಮೇಡಂ ಕೇಳಿದರು, ದೇವರ ಕೆಲಸ ಇದೆ ಅಂದೆ. ದಿನಾ ಊಟದ ಬೆಲ್ ಆದ ಮೇಲೆ ಐದು ನಿಮಿಷ ಬೇವಿನ ಮರದ ಹತ್ತಿರ ಬಂದು ಹೋಗು ಅಂದರು. ಹೋಗುತ್ತಿದ್ದೇನೆ. ನಿನ್ನ ಪತ್ರ ಬಂದ ವಾರ ಕೈ ಚೆನ್ನಾಗಿರಲಿಲ್ಲ. ನೀನು ಕೇಳಿದ್ದಕ್ಕೆ ಹೇಳುತ್ತಿದ್ದೇನೆ.

ನಿನ್ನ ಅಕ್ಟೋಬರ್ ಎಂಟರ ಪತ್ರ ನನ್ನ ಹತ್ತಿರ ಇದೆ. ಅದರಲ್ಲಿ ಒಂದು ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಟ್ಟಿದ್ದೇನೆ. "ಮೈ ನೋಯುವಾಗ ಮನಸ್ಸು ಸುಮ್ಮನಾಗುತ್ತದೆ. ಬೇರೇನೂ ನೆನಪಾಗುವುದಿಲ್ಲ." ಏನು ಕಮ್ಮಿ ಆಗುತ್ತದೆ ಅಂತ ಮೇಡಂ ಕೇಳಿದಾಗ ನಾನು ಹೇಳಿದ್ದು ಇದನ್ನೇ ಅತ್ತೆ. ನಿನ್ನ ಪತ್ರ ಅವರಿಗೆ ತೋರಿಸಿಲ್ಲ, ನಿನ್ನ ಮಾತು ಕದ್ದು ಹೇಳಲೂ ಇಲ್ಲ. ನನ್ನ ಬಾಯಲ್ಲಿ ತಾನಾಗಿ ಬಂತು.

ನೀನು ಬರೆಯದೆ ಬಿಟ್ಟದ್ದು ಬುಧವಾರದ ವಿಷಯ. ನನಗೆ ಗೊತ್ತು. ಬುಧವಾರ ಎದೆಯ ಕಲ್ಲು ತಿರುಗಿ ಬಂದು ಅಲ್ಲೇ ಕೂತಿರುತ್ತದೆ. ಜೊತೆಗೆ ನಾಚಿಕೆ ಒಂದು ಸೇರಿಕೊಂಡಿರುತ್ತದೆ. ಅದನ್ನು ಮುಚ್ಚಿಡಲು ತೋಳು ಎಳೆದುಕೊಳ್ಳುತ್ತಾ ಓಡಾಡಬೇಕು. ಇನ್ನೊಂದು ಸಲ ಅನ್ನಿಸುವುದು ಅದಕ್ಕೇ.

ನೀನು ಮಾಡಿದರೆ ಸೇವೆ, ನಾನು ಮಾಡಿದರೆ ದರಿದ್ರ. ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟು ಸ್ವಲ್ಪ ಇದೆ. ನನ್ನ ಹೆಸರು ಹೇಳಿ ನೀನು ಉರುಳುತ್ತಿದ್ದೀಯ, ನಿನ್ನ ಭುಜ ತರಚಿತು ಅಂತ ಓದಿದಾಗಲೆಲ್ಲ ನಾನೇ ತರಚಿದೆ ಅನ್ನಿಸುತ್ತದೆ. ಇಲ್ಲಿ ನನ್ನ ಕೈ ಒಂದೇ ಸಾಲದೇ? ದೇವರು ನಿನಗೆ ಒಳ್ಳೆಯವಳೇ ಇರಬಹುದು. ನನಗೆ ಆ ಮಂಗಳವಾರ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವವರು ಬೇಕಾಗಿತ್ತು. ಅಷ್ಟೇ.

26ನೇ ತಾರೀಖೂ ಮಂಗಳವಾರ. ಇನ್ನೊಂದು ಸಲ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಪ್ರಮೋದಾ


ಸಪ್ಪಲಮ್ಮ ತಾಯಿ ಕಾಪಾಡಲಿ
ನಲ್ಲೂರು
27-11-2024, ಬುಧವಾರ

ನನ್ನ ಕೂಸೇ,

ನಿನ್ನೆ ಆಸ್ಪತ್ರೆಯ ಗೇಟಿನಲ್ಲಿ ನನ್ನನ್ನು ಕಂಡು ನೀನು ಮೊದಲು ಕೇಳಿದ್ದು, "ಹರಕೆ?" ಎಂದು. ನಾನು "ಆಮೇಲೆ ಹೇಳ್ತೀನಿ ನಡಿ" ಎಂದೆ. ಈಗ ಹೇಳುತ್ತೇನೆ.

ಬುಧವಾರದ ಮಾತು ನಿಜ. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ. ಏಳು ಮಂಗಳವಾರ ಉರುಳಿದೆ, ಏಳು ಬುಧವಾರ ಇನ್ನಷ್ಟು ಭಾರವಾಗಿ ಎದ್ದೆ. ನಿನ್ನ ಪತ್ರ ಓದಿ ಎರಡು ದಿನ ನಿನ್ನ ಮೇಲೆ ಕೋಪ ಬಂತು. ಭಕ್ತಿಯನ್ನು ಇದಕ್ಕೆ ಹೋಲಿಸಿದಳಲ್ಲ ಎಂದು. ಮೂರನೇ ದಿನ ಹುಳದ ಮನೆಯಲ್ಲಿ ಸೊಪ್ಪು ಹೆಚ್ಚುತ್ತಾ ಕೂತಾಗ ಹಳೆಯದೆಲ್ಲ ಬಂತು.

ಮದುವೆಯಾಗಿ ಹತ್ತು ವರ್ಷ ನನಗೆ ಮಕ್ಕಳಾಗಲಿಲ್ಲ. ನಿಮ್ಮ ಮಾವ ಇನ್ನೊಂದು ಮದುವೆಯ ಮಾತು ಎತ್ತಿದ್ದರು. ನಾನು ನಲವತ್ತೆಂಟು ದಿನ ಉರುಳು ಸೇವೆ ಮಾಡಿದೆ. ಊರಿನವರು ನನ್ನನ್ನು ಮಹಾ ಭಕ್ತೆ ಎಂದರು. ಮನೆಯಲ್ಲಿ ಅತ್ತರೆ ಯಾಕೆ ಅಳ್ತೀಯ ಎನ್ನುತ್ತಿದ್ದರು. ಗುಡಿಯ ಅಂಗಳದಲ್ಲಿ ಅತ್ತರೆ ಯಾರೂ ಕೇಳುತ್ತಿರಲಿಲ್ಲ. ಆ ಅಂಗಳ ಬಿಟ್ಟರೆ ನನಗೆ ಅಳಲು ಜಾಗವಿರಲಿಲ್ಲ. ಮಗುವಾಗಲಿಲ್ಲ. ಅವರು ವಿಜಯಪುರದಲ್ಲಿ ಎರಡನೇ ಮನೆ ಮಾಡಿದರು. ಅದು ನಿನಗೆ ಗೊತ್ತಿರುವುದೇ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಆಗ ನಿಮ್ಮಮ್ಮ ಹೊಸ ಮದುಮಗಳು. ಒಂದು ಸಂಜೆ ತ್ಯಾಮಗೊಂಡ್ಲಿನ ನಮ್ಮ ತವರುಮನೆಯ ಬಚ್ಚಲಲ್ಲಿ ಬಿಸಿನೀರಿಗೆ ಬಟ್ಟೆ ಅದ್ದಿ ನನ್ನ ಬೆನ್ನು ಒರೆಸುತ್ತಾ, "ಅಕ್ಕಾ, ದೇವ್ರಿಗೆ ಹೇಳಿದ್ದು ಸಾಕು, ನಂಗೂ ಒಸಿ ಹೇಳು" ಎಂದಳು. ನಾನು ಏನೂ ಇಲ್ಲ ಕಣೇ ಎಂದೆ. ಇಪ್ಪತ್ತು ವರ್ಷ ಏನೂ ಇಲ್ಲ ಕಣೇ ಎಂದೇ ಕಳೆದೆ. ಆಮೇಲೆ ಅವಳೇ ಹೋದಳು. ಮುತ್ತಮ್ಮ. ನೋಡು, ಎರಡು ವರ್ಷದ ಮೇಲೆ ಅವಳ ಹೆಸರು ಬರೆದೆ. ನಿನ್ನೆದುರು ಅವಳ ಹೆಸರು ಎತ್ತಿದರೆ ನೀನು ಅಳುತ್ತೀಯ ಎಂದು ಸುಮ್ಮನಿದ್ದೆ ಅಂದುಕೊಂಡಿದ್ದೆ. ಅದು ಸುಳ್ಳು. ನೀನು ಅತ್ತರೆ ನಾನೂ ಅಳಬೇಕಾಗುತ್ತಿತ್ತು.

ಸೋಮವಾರ ಸಂಜೆ ಹರಕೆ ಬಿಡಿಸಿಕೊಳ್ಳಲು ಗುಡಿಗೆ ಹೋದೆ. ನರಸಿಂಹಯ್ಯ ತಾಯಿಯ ಎರಡು ಭುಜದ ಮೇಲೂ ಸೇವಂತಿಗೆ ಇಟ್ಟ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಕೂತೆ. ಎರಡು ಸಲ ದೀಪಕ್ಕೆ ಎಣ್ಣೆ ಹಾಕಿದರೂ ಯಾವ ಹೂವೂ ಅಲ್ಲಾಡಲಿಲ್ಲ.

"ನಾಳೆ ಕೇಳಾನ ಬಾಮ್ಮ, ಬಾಗ್ಲು ಹಾಕ್ಬೇಕು" ಎಂದ.

"ನಾಳೆ ನಂಗೆ ಬಸ್ಸೈತೆ ಕಣಯ್ಯಾ" ಎಂದೆ.

ಆಮೇಲೆ ಎದ್ದು ನಿಂತು ಅವಳಿಗೇ ಹೇಳಿದೆ. "ತಾಯೀ, ನೀನು ಹೂ ಕೊಟ್ರೂ ಹೋಗ್ತೀನಿ, ಕೊಡ್ದಿದ್ರೂ ಹೋಗ್ತೀನಿ. ತಪ್ಪಾದ್ರೆ ನನ್ನ ಮೇಲೆ ಹಾಕು, ಮಗೀನ ಮೇಲೆ ಹಾಕ್ಬೇಡ." ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ಹೊಸಿಲ ಮೇಲಿಟ್ಟು ಬಂದೆ. ನರಸಿಂಹಯ್ಯ ಬೈಯುತ್ತಾನೆ ಎಂದುಕೊಂಡರೆ, ಅವನು ಕೀಲಿ ಹಾಕುತ್ತಾ, "ಮೊದ್ಲೇ ಹೂವಿನ ಸೇವೆ ಅಂದಿದ್ನಲ್ಲಮ್ಮಾ" ಎಂದಷ್ಟೇ ಗೊಣಗಿದ. ಬಸ್ಸಿನಲ್ಲಿ ಹೊಸಕೋಟೆಯವರೆಗೂ ಅವಳ ಹೆಸರನ್ನೇ ಹೇಳಿಕೊಳ್ಳುತ್ತಿದ್ದೆ. ಈಗಲೂ ಒಳಗೆ ಅಳುಕಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಡಾಕ್ಟರಮ್ಮ ಹೇಳಿದ್ದನ್ನು ಚೀಟಿಯ ಹಿಂದೆ ಬರೆದುಕೊಂಡಿದ್ದೆ. ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ನೀನೇ ನೋಡು. ಇದು ನಾಟಕವಲ್ಲ, ಕೊಬ್ಬಲ್ಲ, ಗಾಳಿ ಸೋಕಿದ್ದಲ್ಲ ಎಂದರು. ತಡೆಯಲಾರದ ಸಂಕಟಕ್ಕೆ ಮನಸ್ಸು ಹಿಡಿದ ಅಡ್ಡದಾರಿ ಎಂದರು. ಬೇರೆ ದಾರಿ ಕಲಿಯಬಹುದು, ಕಲಿಯುವತನಕ ಬೈಯಬಾರದು, ಆಣೆ ಹಾಕಿಸಬಾರದು ಎಂದರು. ಆಣೆ ಹಾಕಿಸೋಣ ಎಂದೇ ನಾನು ಕುಂಕುಮ ತಂದಿದ್ದೆ. ಚೀಲದಲ್ಲೇ ಉಳಿಯಿತು.

ಸಾಯ್ಬೇಕು ಅನ್ಸುತ್ತಾ ಎಂದು ಅವರು ನೇರವಾಗಿ ಕೇಳಿದಾಗ ನನ್ನ ಜೀವ ಹೋಯಿತು. ಇಂಥ ಮಾತನ್ನು ಮಗುವಿನ ಮುಂದೆ ಆಡುವುದೇ? ನೀನು, "ಇಲ್ಲ ಮೇಡಂ. ಇದು ನಿಲ್ಬೇಕು ಅನ್ಸುತ್ತೆ" ಎಂದೆ. ಕೇಳಿದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ನಾನು ಕೇಳದೆಯೇ ಹೆದರಿಕೊಂಡು ಕೂತಿರುತ್ತಿದ್ದೆ. ಮುಂದೆ ಯಾವತ್ತಾದರೂ ಹಾಗೆ ಅನ್ನಿಸಿದರೆ ಒಂದು ಗಳಿಗೆಯೂ ತಡ ಮಾಡದೆ ಹೇಳಬೇಕು ಎಂದು ಅವರು ಎರಡು ಸಲ ಹೇಳಿದರು. 14416 ಎಂಬ ನಂಬರ್ ಕೊಟ್ಟರು, ಯಾವ ಹೊತ್ತಿನಲ್ಲಿ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರಂತೆ, ಕಾಸಿಲ್ಲ. ನಿಮ್ಮ ವಾರ್ಡನ್‌ಗೂ ಬರೆದು ಕೊಟ್ಟು ಬಂದೆ.

ಅಪ್ಪನಿಗೆ ಹೇಳಲೇ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ, ನೀನು ತಲೆಯಾಡಿಸಿದೆ. ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ. ಬರೆ. ನೀನು ಬರೆಯುವತನಕ ಹೇಳುವುದಿಲ್ಲ.

ನಿನ್ನ ಅತ್ತೆ
ಸೊಣ್ಣಮ್ಮ


ಹೊಸಕೋಟೆ
22-12-2024, ಭಾನುವಾರ

ಅತ್ತೆ,

ಅಪ್ಪ ಬಂದಿದ್ದರು. ನಾನು ಹೂಂ ಅಂತ ಬರೆದ ಮೇಲೆ ನೀನು ಹೇಗೆ ಹೇಳಿದೆಯೋ ಗೊತ್ತಿಲ್ಲ, ಆರು ಎಳನೀರು ಹೊತ್ತುಕೊಂಡು ಬಂದಿದ್ದರು. ಹಾಸ್ಟೆಲಿನಲ್ಲಿ ಮಚ್ಚು ಎಲ್ಲಿಂದ ತರುವುದು? ಆರನ್ನೂ ಪಕ್ಕದಲ್ಲಿಟ್ಟುಕೊಂಡು ಬೇವಿನ ಮರದ ಕೆಳಗೆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆವು. ಊಟ ಆಯ್ತಾ ಅಂದರು, ಆಯ್ತು ಅಂದೆ. ಓದ್ತಿದ್ದೀಯಾ ಅನ್ನಲಿಲ್ಲ. ಹೊರಡುವಾಗ ನನ್ನ ತೋಳಿನ ಅಂಚು ಹಿಡಿದುಕೊಂಡು, "ನಿಮ್ಮಮ್ಮ ಇದ್ದಿದ್ರೆ ಮೊದ್ಲೇ ಗೊತ್ತಾಗಿರೋದು. ನಂಗೆ ನೋಡಕ್ಕೆ ಬರಲ್ಲ ಕಣಮ್ಮ. ನೀನೇ ಹೇಳ್ಬೇಕು" ಅಂದರು. ನಾನು ಅತ್ತುಬಿಟ್ಟೆ. ಅಪ್ಪ ಅಳಲಿಲ್ಲ, ಆದರೆ ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದರು.

ಡಾಕ್ಟರ್ ಹೇಳಿದ ಹಾಗೆ ಹದಿನೈದು ನಿಮಿಷ ಮುಂದೂಡುತ್ತೇನೆ. ಮುಖಕ್ಕೆ ತಣ್ಣೀರು ಹಾಕಿಕೊಳ್ಳುವುದು ಕೆಲವು ಸಲ ಸಾಕು. ಉಸಿರು ಎಣಿಸುವುದು ನನಗೆ ಆಗಲಿಲ್ಲ, ಇನ್ನೂ ಗಾಬರಿಯಾಗುತ್ತದೆ. ಬೆಡ್‌ಶೀಟ್ ಒಗೆದು ಹಿಂಡುವುದು ಒಳ್ಳೆಯದು, ತೋಳಿಗೆ ಕೆಲಸ ಸಿಗುತ್ತದೆ. ಈ ತಿಂಗಳು ಎಂಟು ಸಲ ಒಗೆದಿದ್ದೇನೆ. ರೂಮಿನವರು, "ಲೇ, ಇವತ್ತು ಸಂಕಟ ಆದ್ರೆ ನಮ್ದೂ ಹಾಕ್ಲೇನೇ" ಅನ್ನುತ್ತಾರೆ. ಅವರಿಗೆ ಸ್ವಲ್ಪ ಹೇಳಿದ್ದೇನೆ.

ಒಂಬತ್ತನೇ ತಾರೀಖು ಒಂದು ಸಲ ತಡೆಯಲು ಆಗಲಿಲ್ಲ. ಮುಚ್ಚಿಡಲಿಲ್ಲ, ಮರುದಿನ ಮೇಡಂಗೆ ಹೇಳಿದೆ. ಮೊದಲಿಂದ ಎಣಿಸಬೇಕಾ ಅಂದದ್ದಕ್ಕೆ, "ಇದೇನು ಹರಕೆನಾ, ಒಂದಿನ ತಪ್ಪಿದ್ರೆ ಎಲ್ಲ ಹೋಯ್ತು ಅನ್ನಕ್ಕೆ?" ಅಂದರು. ನಿನ್ನ ಹರಕೆಯ ವಿಷಯ ಅವರಿಗೆ ಗೊತ್ತಿಲ್ಲ. ನಾನು ನಕ್ಕುಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ.

ನಿನ್ನ ಪ್ರಮೋದಾ


ಸಪ್ಪಲಮ್ಮ ತಾಯಿ ಕಾಪಾಡಲಿ
ನಲ್ಲೂರು
12-2-2025, ಬುಧವಾರ

ಪ್ರಮೋದಾ,

ನಿನ್ನೆ ಹನ್ನೊಂದು ಗಂಟೆಗೆ ಹಾಸ್ಟೆಲಿನ ನಂಬರ್ ಬಂದಾಗ ಸುಣ್ಣದ ಕೈಯಲ್ಲೇ ಫೋನ್ ಎತ್ತಿದೆ. ಭಾನುವಾರವಲ್ಲ, ಏನಾಯಿತೋ ಎಂದು. ನೀನು ವಾರ್ಡನ್ ಹತ್ತಿರ ಹೋಗಿ ಫೋನ್ ಬೇಕು ಎಂದು ಬಾಯಿಬಿಟ್ಟು ಕೇಳಿದೆಯಲ್ಲ, ಅದು ನನಗೆ ಆಮೇಲೆ ಹೊಳೆಯಿತು.

"ಅತ್ತೆ, ನನ್ನ ಏನೂ ಕೇಳ್ಬೇಡ. ಏನಾದ್ರೂ ಮಾತಾಡ್ತಿರು" ಎಂದೆ.

ನನಗೆ ಬರುವ ಮಾತು ಎಷ್ಟು? ಹುಳದ ಮನೆಯಲ್ಲಿದ್ದೆ, ಕಣ್ಣೆದುರು ಇದ್ದದ್ದನ್ನೇ ಹೇಳಿದೆ. ಹುಳ ಮೂರನೇ ಜ್ವರಕ್ಕೆ ಕೂತಿವೆ, ಇನ್ನೇನು ಹಳೇ ಚರ್ಮ ಕಳಚುತ್ತವೆ ಎಂದೆ. ತಲೆ ಎತ್ತಿಕೊಂಡು ಕಲ್ಲಿನ ಹಾಗೆ ನಿಂತಿವೆ, ಈಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಪಕ್ಕದಲ್ಲಿರಬೇಕು ಎಂದೆ. ಹೊಸದಾಗಿ ಸಾಕುವವರು ಹೆದರಿ ಏನಾದರೂ ಮಾಡಲು ಹೋಗಿ ಕೆಡಿಸುತ್ತಾರೆ ಎಂದೆ. ಆಮೇಲೆ ಕಿಟಕಿಯ ಬಲೆಯ ತೂತು, ಹಿಪ್ಪುನೇರಳೆ ತೋಟಕ್ಕೆ ಬಂದ ನವಿಲು, ಹುಣಸೆ ತೋಪಿನಲ್ಲಿ ಕೋತಿ ಬೈರಮ್ಮನ ಬುತ್ತಿ ಕಿತ್ತುಕೊಂಡದ್ದು. ಹೇಳಿದ್ದನ್ನೇ ಎರಡು ಸಲ ಹೇಳಿದೆನೇನೋ. ಆ ಕಡೆಯಿಂದ ನಿನ್ನ ಉಸಿರು ಮಾತ್ರ ಕೇಳುತ್ತಿತ್ತು. ಏನಾಗಿದೆ ಎಂದು ಕೇಳಲು ಬಾಯಿ ತುರಿಸುತ್ತಿತ್ತು. ಕೇಳಲಿಲ್ಲ. ನಾನು ಮಾಡಿದ ಸೇವೆಯಲ್ಲೆಲ್ಲ ಇದೇ ಕಷ್ಟದ್ದು.

ಕೊನೆಗೆ, "ಹೋಯ್ತು ಅತ್ತೆ. ಬೆಲ್ ಆಯ್ತು, ಫಿಸಿಕ್ಸ್ ಇದೆ" ಎಂದು ಇಟ್ಟೆ. ಫೋನಿನಲ್ಲಿ ಇಪ್ಪತ್ತೆರಡು ನಿಮಿಷ ಎಂದು ತೋರಿಸಿತು. ನಾನು ಅಲ್ಲೇ ಸೊಪ್ಪಿನ ರಾಶಿಯ ಮೇಲೆ ಕೂತುಬಿಟ್ಟೆ.

ಪರೀಕ್ಷೆ ಹತ್ತಿರವಾಯಿತು. ಇನ್ನೂ ಇಂಥ ದಿನಗಳು ಬರುತ್ತವೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಬರಲಿ. ಯಾವ ವಾರವಾದರೂ ಮಾಡು, ನನಗೆ ಈಗ ಹರಕೆಯ ವಾರವೆಂದು ಯಾವುದೂ ಇಲ್ಲ. ನಿನ್ನ ಬಳೆ ಗೂಡಿನಲ್ಲೇ ಇವೆ. ಯಾವಾಗ ತೊಡಬೇಕು ಅನ್ನಿಸುತ್ತದೋ ಆಗ ಬಾ. ಅನ್ನಿಸದಿದ್ದರೂ ಬಾ.

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸಿದೆ. ಮಂಗಳವಾರ ಬೆಳಿಗ್ಗೆ ನನ್ನ ಕಾಲು ತಾನಾಗಿ ಗುಡಿಯ ಅಂಗಳಕ್ಕೆ ಹೋಗುತ್ತದೆ. ಹೂವು ಕೊಟ್ಟು ಕೈ ಮುಗಿದು ಬರುತ್ತೇನೆ. ಆದರೆ ಆ ಚಪ್ಪಡಿ ಕಲ್ಲು ನೋಡಿದಾಗ ಮೈ ಮತ್ತೆ ಅದನ್ನೇ ಕೇಳುತ್ತದೆ, ಪ್ರಮೋದಾ. ಮನೆಗೆ ಬಂದರೆ ಮಾತಿಗೆ ಗೋಡೆ ಮಾತ್ರ. ಎರಡು ತಟ್ಟೆ ತೊಳೆದಿಟ್ಟು ಒಂದರಲ್ಲಿ ಉಣ್ಣುತ್ತೇನೆ, ಇಪ್ಪತ್ತು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ. ನಿಮ್ಮಮ್ಮ ಕೇಳಿದ್ದಕ್ಕೆ ಹೇಳದೆ ಹೋದದ್ದನ್ನು ನಿನಗೆ ಹೇಳುತ್ತಿದ್ದೇನೆ. ನಿನಗೆ ಭಾರವಾದರೆ ಬೇಡ ಅನ್ನು, ಬೈರಮ್ಮನ ಹತ್ತಿರ ಹೋಗುತ್ತೇನೆ, ಅವಳಿಗೂ ಅರ್ಧ ಹೇಳಿದ್ದೇನೆ.

ಭಾರವಿಲ್ಲದಿದ್ದರೆ, ಭಾನುವಾರದ ಫೋನಿನಲ್ಲಿ ಒಂದೊಂದು ಸಲ ನಾನು ಸುಮ್ಮನಾಗುತ್ತೇನೆ. ಆಗ ಲೈನ್ ಹೋಯಿತು ಎಂದು ಇಡಬೇಡ. ನನ್ನನ್ನು ಏನೂ ಕೇಳಬೇಡ. ಆ ಫಿಸಿಕ್ಸೋ ಏನೋ, ಅದನ್ನೇ ಓದಿ ಹೇಳುತ್ತಿರು. ನನಗೆ ಅರ್ಥವಾಗದಿದ್ದರೂ ಕೇಳಿಸಿಕೊಳ್ಳುತ್ತಿರುತ್ತೇನೆ.

ನಿನ್ನ ಅತ್ತೆ
ಸೊಣ್ಣಮ್ಮ